ಮನೆಯ ಕಂಪ್ಯೂಟರಿಗೆ ಡಿ.ವಿ.ಡಿ. ರೈಟರ್: ಯಾವುದನ್ನು ಕೊಳ್ಳಬೇಕು? ಏಕೆ ಕೊಳ್ಳಬೇಕು?

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ಏರ್ಪಡಿಸಿದ್ದ ಕಂಪ್ಯೂಟರ್ ಮಾಹಿತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮನೆಯ ಕಂಪ್ಯೂಟರಿಗೆ ಕಡಿಮೆ ಖರ್ಚಿನಲ್ಲಿ ಒಂದು ಡಿ.ವಿ.ಡಿ. ರೈಟರ್ ಆರಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ವಿಷಯ ಕೇಳಿದ ಕೂಡಲೇ ಮುಂದಿನ ಸಾಲಿನ ಕೆಲವು ವಿದ್ಯಾರ್ಥಿಗಳ ಮುಖದಲ್ಲಿ ನಗು ಕಾಣಿಸಿತು. ಅದು ಸಹಜವೇ. ಹಾಡು, ಸಿನಿಮಾ, ಪಾಠ ಎಲ್ಲವೂ ಮೊಬೈಲಿನಲ್ಲೇ ಸಿಗುವ ಈ ಕಾಲದಲ್ಲಿ ಸಿ.ಡಿ.ಯ ಮಾತು ಯಾಕೆ ಎಂದು ನಿಮಗೆ ಅನ್ನಿಸಿರಬಹುದು.

ಒಂದು ಕೆಲಸ ಮಾಡಿ. ಇಂದು ಮನೆಗೆ ಹೋದ ಮೇಲೆ ಬೀರುವಿನ ಮೇಲಿನ ಖಾನೆಯನ್ನೋ, ಟಿ.ವಿ. ಸ್ಟ್ಯಾಂಡಿನ ಕೆಳಗಿನ ಡ್ರಾಯರನ್ನೋ ಒಮ್ಮೆ ತೆರೆದು ನೋಡಿ. ಅಕ್ಕನ ಮದುವೆಯ ವಿಡಿಯೋ, ಅಣ್ಣ ಸೌದಿಯಿಂದ ಮೊದಲ ಸಲ ಊರಿಗೆ ಬಂದಾಗ ತೆಗೆದ ಫೋಟೋಗಳು, ದಾದಿಯ ಎಂ.ಆರ್.ಐ. ಸ್ಕ್ಯಾನ್, ಶಾಲೆಯ ವಾರ್ಷಿಕೋತ್ಸವದ ನಾಟಕ, ಹೀಗೆ ಎಷ್ಟೋ ಡಿಸ್ಕ್‌ಗಳು ಅಲ್ಲಿ ಧೂಳು ತಿನ್ನುತ್ತಾ ಬಿದ್ದಿರುತ್ತವೆ. ಅವುಗಳಲ್ಲಿರುವುದು ಬೇರೆಲ್ಲೂ ಇಲ್ಲ. ಯಾವ ಮೊಬೈಲಿನಲ್ಲೂ, ಯಾವ ಅಂತರ್ಜಾಲದಲ್ಲೂ ಹುಡುಕಿದರೆ ಸಿಗುವುದಿಲ್ಲ. ಈಗ ಅವುಗಳನ್ನು ಓದುವ ಯಂತ್ರ ನಿಮ್ಮ ಮನೆಯಲ್ಲಿ ಇದೆಯೇ ಎಂದು ಕೇಳಿಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ. ನನ್ನ ಮಾತು ಆರಂಭವಾಗುವುದು ಇಲ್ಲಿಂದ.

ನಾನು ಮಾಡಿದ ತಪ್ಪು

ನಮ್ಮ ಅಬ್ಬಾ ಕನ್ನಡ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. 1996ರಲ್ಲಿ ಅವರು ನಿವೃತ್ತರಾದಾಗ ಶಾಲೆಯಲ್ಲಿ ಬೀಳ್ಕೊಡುಗೆ ಸಮಾರಂಭ ನಡೆಯಿತು. ಅಂದು ಅವರು 70 ನಿಮಿಷ ಮಾತನಾಡಿದರು. ಅವರ ಸಹೋದ್ಯೋಗಿಯೊಬ್ಬರು ಅದನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದು, ಕ್ಯಾಸೆಟ್ಟನ್ನು ನಮಗೆ ಕೊಟ್ಟರು.

2006ರಲ್ಲಿ ನಾನು ಮನೆಗೆ ಒಂದು ರೈಟರ್ ತಂದೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 52 ಎಕ್ಸ್ ಎಂದು ಬರೆದಿತ್ತು. ಅದೇ ನನಗೆ ದೊಡ್ಡ ಹೆಮ್ಮೆ. ಕ್ಯಾಸೆಟ್ಟಿನ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ, ಅಂಗಡಿಯಲ್ಲಿ ಸಿಕ್ಕ ಅತಿ ಅಗ್ಗದ ಸಿ.ಡಿ.ಯ ಮೇಲೆ ಅತಿ ಹೆಚ್ಚಿನ ವೇಗದಲ್ಲಿ ಬರೆದೆ. ಮೊದಲ ಐದು ನಿಮಿಷ ಕೇಳಿ, ಚೆನ್ನಾಗಿದೆ ಎಂದುಕೊಂಡೆ. ಚೆಂದ ಕಾಣಲಿ ಎಂದು ಮೇಲೆ ಒಂದು ಕಾಗದದ ಲೇಬಲ್ ಅಂಟಿಸಿದೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಮೂಲ ಕಡತವನ್ನು ಅಳಿಸಿಹಾಕಿದೆ. ಸಿ.ಡಿ. ಇದೆಯಲ್ಲ ಎಂಬ ಧೈರ್ಯದಲ್ಲಿ ಕ್ಯಾಸೆಟ್ಟಿನ ಕಡೆ ಯಾರೂ ಗಮನ ಕೊಡಲಿಲ್ಲ. ಮನೆ ಬದಲಾಯಿಸುವಾಗ ಅದು ಎಲ್ಲೋ ಹೋಯಿತು.

2015ರಲ್ಲಿ ಅಬ್ಬಾ ತೀರಿಕೊಂಡರು. ಕೆಲವು ದಿನಗಳ ನಂತರ ಅಮ್ಮಿ, "ಆ ಸಿ.ಡಿ. ಹಾಕು, ಅವರ ಮಾತು ಕೇಳಬೇಕು" ಎಂದರು. ಹಾಕಿದೆ. 58ನೆಯ ನಿಮಿಷಕ್ಕೆ ಧ್ವನಿ ತಡವರಿಸಿ ನಿಂತಿತು. ಮಿತ್ರರೊಬ್ಬರ ಮನೆಯ ಬೇರೆ ಡ್ರೈವಿನಲ್ಲಿ ಪ್ರಯತ್ನಿಸಿದಾಗ 63ನೆಯ ನಿಮಿಷದವರೆಗೆ ಬಂತು. ಉಳಿದ ಏಳು ನಿಮಿಷ ಹೋಯಿತು. ಭಾಷಣದ ಕೊನೆಯಲ್ಲಿ ಅಬ್ಬಾ ತಮ್ಮ ಸಂಸಾರದ ಬಗ್ಗೆ, ಅಮ್ಮಿ ಪಟ್ಟ ಕಷ್ಟದ ಬಗ್ಗೆ ಮಾತನಾಡಿದ್ದರು. ಅಮ್ಮಿಗೆ ಕೇಳಬೇಕಾಗಿದ್ದದ್ದು ಆ ಏಳು ನಿಮಿಷವೇ.

ಇದರಲ್ಲಿ ತಪ್ಪು ಕಂಪನಿಯದಲ್ಲ, ಅಂಗಡಿಯವನದೂ ಅಲ್ಲ, ನನ್ನದು. ಡಿಸ್ಕ್ ಬರೆಯುವುದು ನಡುವಿನಿಂದ ಆರಂಭವಾಗಿ ಅಂಚಿನ ಕಡೆಗೆ ಸಾಗುತ್ತದೆ. ಹಾಗಾಗಿ ಕೊನೆಯಲ್ಲಿರುವುದು ಹೊರ ಅಂಚಿನ ಹತ್ತಿರ ಇರುತ್ತದೆ. ಅತಿ ವೇಗದ ಡ್ರೈವ್ ತನ್ನ ಪೂರ್ಣ ವೇಗ ಮುಟ್ಟುವುದೂ ಅಲ್ಲಿಯೇ, ನಮ್ಮ ಬೆರಳು ತಾಗುವುದೂ ಅಲ್ಲಿಯೇ. ನಾನು ಪರೀಕ್ಷಿಸಿದ್ದು ಮೊದಲ ಐದು ನಿಮಿಷ. ಕೆಟ್ಟದ್ದು ಕೊನೆಯ ಭಾಗ. ಡ್ರೈವಿಗೆ ಕೊಟ್ಟ ಹಣ ನನಗೆ ಈಗ ನೆನಪೂ ಇಲ್ಲ. ಹೋದ ಏಳು ನಿಮಿಷ ಮಾತ್ರ ಮರೆತಿಲ್ಲ. ಆದ್ದರಿಂದ ಇಂದು ನಾನು ಹೇಳುವುದರ ಸಾರ ಇಷ್ಟೇ: ಅಗ್ಗದ ಡ್ರೈವ್ ಸಾಕು, ಆದರೆ ಪರೀಕ್ಷಿಸದ ಡಿಸ್ಕನ್ನು ನಂಬಬೇಡಿ, ಓದುವ ಯಂತ್ರ ಕೈಗೆಟಕುವ ಬೆಲೆಯಲ್ಲಿ ಸಿಗುತ್ತಿರುವಾಗಲೇ ಹಳೆಯದನ್ನು ಹೊರಗೆ ತೆಗೆದುಕೊಳ್ಳಿ.

ನಿಮಗೆ ಬೇಕೇ, ಬೇಡವೇ?

ಕಾಂಪ್ಯಾಕ್ಟ್ ಡಿಸ್ಕ್ ಮಾರುಕಟ್ಟೆಗೆ ಬಂದದ್ದು 1982ರಲ್ಲಿ, ಫಿಲಿಪ್ಸ್ ಮತ್ತು ಸೋನಿ ಕಂಪನಿಗಳ ಜಂಟಿ ಪ್ರಯತ್ನದಿಂದ. ನಮ್ಮ ದೇಶದಲ್ಲಿ ಖಾಲಿ ಸಿ.ಡಿ. ಎಂದರೆ ಎಲ್ಲರ ಬಾಯಲ್ಲಿ ಇದ್ದ ಹೆಸರು ಮೋಸರ್ ಬೇರ್. ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಡಿಸ್ಕ್ ತಯಾರಕರಲ್ಲಿ ಒಂದಾಗಿದ್ದ ಆ ಕಂಪನಿಯನ್ನು 2018ರಲ್ಲಿ ಮುಚ್ಚಲು ಆದೇಶವಾಯಿತು. 2025ರ ಫೆಬ್ರುವರಿಯಲ್ಲಿ ಸೋನಿ ಕಂಪನಿ ಬರೆಯಬಲ್ಲ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ನಿಲ್ಲಿಸಿತು. ಈ ಬಾಗಿಲು ನಿಧಾನವಾಗಿ ಮುಚ್ಚುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗೆಂದು ಎಲ್ಲರೂ ನಾಳೆಯೇ ಹೋಗಿ ಡ್ರೈವ್ ಕೊಳ್ಳಬೇಕಾಗಿಲ್ಲ. ಮನೆಯಲ್ಲಿ ಹಳೆಯ ಡಿಸ್ಕ್‌ಗಳಿದ್ದರೆ, ಆಸ್ಪತ್ರೆಯಿಂದ ಸ್ಕ್ಯಾನ್‌ಗಳ ಸಿ.ಡಿ. ಬರುತ್ತಿದ್ದರೆ, ಮುಖ್ಯ ದಾಖಲೆಗಳ ಇನ್ನೊಂದು ಪ್ರತಿಯನ್ನು ಅಳಿಸಲಾಗದ ರೂಪದಲ್ಲಿ ಇಡಬೇಕೆಂದಿದ್ದರೆ, ಒಂದು ಡ್ರೈವ್ ಬೇಕು. ಐದಾರು ಡಿಸ್ಕ್ ಮಾತ್ರ ಇದ್ದರೆ ನೆಂಟರಲ್ಲೋ, ನೆರೆಯವರಲ್ಲೋ ಇರುವ ಡ್ರೈವನ್ನು ಒಂದು ಭಾನುವಾರ ಕೇಳಿ ಪಡೆಯುವುದು ಜಾಣತನ. ಖರ್ಚು ಮಾಡದಿರುವುದೂ ಒಂದು ಒಳ್ಳೆಯ ಆಯ್ಕೆಯೇ.

ಒಳಗಿನದೋ, ಹೊರಗಿನದೋ?

ಡ್ರೈವ್‌ಗಳಲ್ಲಿ ಎರಡು ಬಗೆ. ಮೊದಲನೆಯದು ಡೆಸ್ಕ್‌ಟಾಪ್ ಕಂಪ್ಯೂಟರಿನ ಕ್ಯಾಬಿನೆಟ್ಟಿನ ಒಳಗೆ ಕೂರಿಸುವುದು. ಎರಡನೆಯದು ಯು.ಎಸ್.ಬಿ. ತಂತಿಯಿಂದ ಹೊರಗೆ ಜೋಡಿಸುವುದು.

ನಿಮ್ಮಲ್ಲಿ ಡೆಸ್ಕ್‌ಟಾಪ್ ಇದ್ದು, ಅದರ ಮುಂಭಾಗದಲ್ಲಿ ಡ್ರೈವ್ ಕೂರಿಸುವ ಜಾಗವಿದ್ದರೆ ಒಳಗಿನ ಡ್ರೈವೇ ಲೇಸು. ಬೆಲೆ ಕಡಿಮೆ, ಬಾಳಿಕೆ ಹೆಚ್ಚು, ವಿದ್ಯುತ್ ಪೂರೈಕೆಯ ತೊಂದರೆಯಿಲ್ಲ. ಆದರೆ ಒಂದು ವಿಷಯ ನೋಡಿಕೊಳ್ಳಿ. 40 ಪಿನ್ನಿನ ಅಗಲವಾದ ಪಟ್ಟಿ ತಂತಿಯ ಹಳೆಯ ಐ.ಡಿ.ಇ. ಡ್ರೈವ್ ಈಗಿನ ಮದರ್‌ಬೋರ್ಡಿಗೆ ಕೂಡುವುದಿಲ್ಲ. ಕೊಳ್ಳಬೇಕಾದದ್ದು ಕಿರಿದಾದ ತಂತಿಯ ಸಾಟಾ ಡ್ರೈವ್. ಬೆಂಗಳೂರಿನ ಎಸ್.ಪಿ. ರೋಡಿನಂತಹ ಕಡೆ ಹಳೆಯ ಕಂಪ್ಯೂಟರ್‌ಗಳಿಂದ ಬಿಚ್ಚಿದ ಸಾಟಾ ಡ್ರೈವ್‌ಗಳು ಸಿಗುತ್ತವೆ. ಪರೀಕ್ಷಿಸಿ ಕೊಡುವುದಾದರೆ ಅವುಗಳನ್ನು ಕೊಳ್ಳಲು ಹಿಂಜರಿಯಬೇಕಿಲ್ಲ.

ಲ್ಯಾಪ್‌ಟಾಪ್ ಮಾತ್ರ ಇರುವವರಿಗೆ ಹೊರಗಿನ ತೆಳು ಡ್ರೈವೇ ದಾರಿ. ಇದರ ಬೆಲೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ. ಇನ್ನೂ ಕಡಿಮೆ ಖರ್ಚಿನ ಒಂದು ಉಪಾಯವಿದೆ. ಮನೆಯಲ್ಲಿ ಕೆಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಇದ್ದರೆ, ಅದರ ಡಿ.ವಿ.ಡಿ. ಡ್ರೈವ್ ಚೆನ್ನಾಗಿಯೇ ಇರಬಹುದು. ಅದನ್ನು ಬಿಚ್ಚಿ ಯು.ಎಸ್.ಬಿ. ಡಬ್ಬಿಯೊಳಗೆ ಕೂರಿಸಿದರೆ ಹೊರಗಿನ ಡ್ರೈವ್ ಸಿದ್ಧ. ಈ ಡಬ್ಬಿ ಕೊಳ್ಳುವ ಮೊದಲು ಡ್ರೈವಿನ ದಪ್ಪ ಅಳೆಯಿರಿ. 12.7 ಮಿ.ಮೀ. ಮತ್ತು 9.5 ಮಿ.ಮೀ. ಎಂದು ಎರಡು ಅಳತೆಗಳಿವೆ. ದಪ್ಪ ಡ್ರೈವ್ ತೆಳು ಡಬ್ಬಿಯಲ್ಲಿ ಹಿಡಿಸುವುದಿಲ್ಲ.

ಹೊರಗಿನ ಡ್ರೈವ್ ಕೊಂಡ ಮೇಲೆ ಅನೇಕರು ಹೇಳುವ ದೂರು ಒಂದೇ: "ಕಟಕಟ ಶಬ್ದ ಮಾಡುತ್ತದೆ, ಡಿಸ್ಕ್ ತೋರಿಸುವುದಿಲ್ಲ." ಬಹಳ ಸಲ ಡ್ರೈವ್ ಕೆಟ್ಟಿರುವುದಿಲ್ಲ, ಅದಕ್ಕೆ ವಿದ್ಯುತ್ ಸಾಲದೆ ಇರುತ್ತದೆ. ಹಳೆಯ ಯು.ಎಸ್.ಬಿ. 2.0 ಕಿಂಡಿ 500 ಮಿಲಿ ಆಂಪಿಯರ್ ಮಾತ್ರ ಕೊಡುತ್ತದೆ. ಡಿಸ್ಕ್ ತಿರುಗಲು ಆರಂಭಿಸುವಾಗ, ಬರೆಯುವಾಗ ಅದು ಸಾಲದೇ ಹೋಗಬಹುದು. ಆದ್ದರಿಂದ ಡ್ರೈವನ್ನು ಹಬ್‌ಗೆ ಚುಚ್ಚದೆ ಕಂಪ್ಯೂಟರಿನ ಕಿಂಡಿಗೇ ನೇರವಾಗಿ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಹಿಂಭಾಗದ ಕಿಂಡಿ ಒಳ್ಳೆಯದು. ಎರಡು ಪ್ಲಗ್ಗುಗಳಿರುವ ತಂತಿ ಜೊತೆಗೆ ಬಂದಿದ್ದರೆ ಎರಡನ್ನೂ ಜೋಡಿಸಿ.

ಸಂಖ್ಯೆಗಳಿಗೆ ಮರುಳಾಗಬೇಡಿ

ಸಿ.ಡಿ.ಯಲ್ಲಿ ಒಂದು ಎಕ್ಸ್ ಎಂದರೆ ಸೆಕೆಂಡಿಗೆ 150 ಕೆ.ಬಿ. ಡಿ.ವಿ.ಡಿ.ಯಲ್ಲಿ ಒಂದು ಎಕ್ಸ್ ಎಂದರೆ ಅದರ ಸುಮಾರು ಒಂಬತ್ತು ಪಟ್ಟು. 80 ನಿಮಿಷದ ಸಿ.ಡಿ.ಯನ್ನು 16 ಎಕ್ಸ್ ವೇಗದಲ್ಲಿ ಬರೆದರೆ ಐದು ನಿಮಿಷ ಹಿಡಿಯುತ್ತದೆ. 52 ಎಕ್ಸ್ ಎಂದು ಹೇಳಿಕೊಳ್ಳುವ ಡ್ರೈವ್ ಆ ವೇಗವನ್ನು ಅಂಚಿನಲ್ಲಿ ಮಾತ್ರ ಮುಟ್ಟುವುದರಿಂದ ಅದಕ್ಕೂ ಎರಡೂವರೆ, ಮೂರು ನಿಮಿಷ ಬೇಕು. ಉಳಿಯುವುದು ಎರಡು ನಿಮಿಷ. ಒಂದು ಲೋಟ ಚಹಾ ಕುಡಿಯುವಷ್ಟೂ ಹೊತ್ತಲ್ಲ. ತೆಳು ಡ್ರೈವ್‌ಗಳು ಸಾಮಾನ್ಯವಾಗಿ ಸಿ.ಡಿ.ಯನ್ನು 24 ಎಕ್ಸ್, ಡಿ.ವಿ.ಡಿ.ಯನ್ನು 8 ಎಕ್ಸ್ ವೇಗದಲ್ಲಿ ಬರೆಯುತ್ತವೆ. ಮನೆಯ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ಇಷ್ಟು ವೇಗಕ್ಕೆ ಯು.ಎಸ್.ಬಿ. 2.0 ಕೂಡ ಸಾಕಾಗುವುದರಿಂದ, ಯು.ಎಸ್.ಬಿ. 3.0 ಎಂಬ ಹೆಸರಿಗಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಇನ್ನು ಡಿಸ್ಕ್‌ಗಳ ಹೆಸರು. ಸಿ.ಡಿ.ಯಲ್ಲಿ 700 ಎಂ.ಬಿ. ಹಿಡಿಸುತ್ತದೆ. ಡಿ.ವಿ.ಡಿ.ಯಲ್ಲಿ 4.7 ಜಿ.ಬಿ.; ಕಂಪ್ಯೂಟರ್ ಎಣಿಸುವ ಲೆಕ್ಕ ಬೇರೆಯಾದ್ದರಿಂದ ತೆರೆಯ ಮೇಲೆ 4.37 ಎಂದೇ ತೋರಿಸುತ್ತದೆ, ಅಂಗಡಿಯವನು ಮೋಸ ಮಾಡಿದನೆಂದು ಭಾವಿಸಬೇಡಿ. ಡಿ.ವಿ.ಡಿ. ಪ್ಲಸ್ ಆರ್, ಡಿ.ವಿ.ಡಿ. ಮೈನಸ್ ಆರ್ ಎಂಬ ಎರಡು ಬಗೆಗಳ ಜಗಳ ಒಂದು ಕಾಲದಲ್ಲಿ ಜೋರಾಗಿತ್ತು. ಈಗಿನ ಡ್ರೈವ್‌ಗಳು ಎರಡನ್ನೂ ಓದಿ ಬರೆಯುತ್ತವೆ. ಆರ್.ಡಬ್ಲ್ಯೂ. ಎಂದು ಬರೆದಿರುವವು ಅಳಿಸಿ ಮತ್ತೆ ಬರೆಯುವಂಥವು. ತಾತ್ಕಾಲಿಕ ಕೆಲಸಕ್ಕೆ ಸರಿ, ನೆನಪುಗಳನ್ನು ಉಳಿಸಲು ಬೇಡ. ಬ್ಲೂ-ರೇ ಡಿಸ್ಕ್‌ನ ಒಂದು ಪದರದಲ್ಲಿ 25 ಜಿ.ಬಿ. ಹಿಡಿಸುತ್ತದೆ ನಿಜ, ಆದರೆ ಅದರ ಡ್ರೈವಿನ ಬೆಲೆ ಡಿ.ವಿ.ಡಿ. ರೈಟರಿನ ಎಷ್ಟೋ ಪಟ್ಟು. ನಮ್ಮ ಮನೆಗಳ ಅಗತ್ಯಕ್ಕೆ ಅದು ದುಬಾರಿ.

ಅಂಗಡಿಯಲ್ಲಿ ಏನು ನೋಡಬೇಕು?

ಕೊಳ್ಳಲು ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಮೂರು ಡಿಸ್ಕ್ ಜೊತೆಗಿರಲಿ: ಒಂದು ಕಂಪನಿಯ ಸಿನಿಮಾ ಡಿ.ವಿ.ಡಿ., ಒಂದು ಮನೆಯಲ್ಲೇ ಬರೆದ ಹಳೆಯ ಸಿ.ಡಿ., ಒಂದು ಖಾಲಿ ಡಿಸ್ಕ್. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಡಿಸ್ಕನ್ನು ಎಂತಹ ಡ್ರೈವ್ ಆದರೂ ಸುಲಭವಾಗಿ ಓದುತ್ತದೆ. ಮನೆಯಲ್ಲಿ ಬರೆದ ಹಳೆಯ ಡಿಸ್ಕನ್ನು ಓದುವುದೇ ಡ್ರೈವಿಗೆ ನಿಜವಾದ ಪರೀಕ್ಷೆ. ಖಾಲಿ ಡಿಸ್ಕಿನಲ್ಲಿ ನಿಮ್ಮ ಕಣ್ಣೆದುರಿಗೇ ಏನಾದರೂ ಬರೆಯಲು ಹೇಳಿ, ಬರೆದದ್ದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಬಿಲ್ಲು ಕೇಳಿ ಪಡೆಯಿರಿ, ವಾರಂಟಿ ಎಷ್ಟು ಕಾಲ ಎಂದು ಅದರ ಮೇಲೆ ಬರೆಸಿಕೊಳ್ಳಿ. ಡ್ರೈವಿನಲ್ಲಿ ನೂರು ರೂಪಾಯಿ ಉಳಿಸಿದರೂ ಖಾಲಿ ಡಿಸ್ಕಿನಲ್ಲಿ ಉಳಿಸಬೇಡಿ. ಹೆಸರಿಲ್ಲದ, ಡಬ್ಬಿಯಿಲ್ಲದೆ ಬಿಡಿಯಾಗಿ ಮಾರುವ ಡಿಸ್ಕ್‌ಗಳನ್ನು ಮುಟ್ಟಬೇಡಿ.

ಬರೆಯುವಾಗ ಎಚ್ಚರಿಕೆ

ವಿಂಡೋಸ್‌ನಲ್ಲಿ ಖಾಲಿ ಡಿಸ್ಕ್ ಹಾಕಿದ ಕೂಡಲೇ ಎರಡು ಆಯ್ಕೆಗಳು ಬರುತ್ತವೆ. ಮೊದಲನೆಯದು ಡಿಸ್ಕನ್ನು ಪೆನ್‌ಡ್ರೈವಿನಂತೆ ಬಳಸುವುದು; ಎರಡನೆಯದು ಸಿ.ಡಿ., ಡಿ.ವಿ.ಡಿ. ಪ್ಲೇಯರಿನಲ್ಲಿ ಬಳಸುವುದು. ಅನೇಕರು ಮೊದಲನೆಯದನ್ನು ಒತ್ತಿಬಿಡುತ್ತಾರೆ. ಅಂತಹ ಡಿಸ್ಕ್ ಬೇರೆ ಯಂತ್ರಗಳಲ್ಲಿ ತೆರೆಯದೆ ಇರಬಹುದು. ಉಳಿಸಿಡುವ ಡಿಸ್ಕಿಗೆ ಎರಡನೆಯದನ್ನೇ ಆರಿಸಿ. ಇಮ್‌ಜ್‌ಬರ್ನ್, ಲಿನಕ್ಸ್ ಬಳಸುವವರಿಗೆ ಕೆ3ಬಿ, ಬ್ರಾಸೆರೋ ಮುಂತಾದ ಉಚಿತ ತಂತ್ರಾಂಶಗಳಿವೆ. ಅವುಗಳಲ್ಲಿ ವೆರಿಫೈ ಎಂಬ ಗುರುತು ಹಾಕುವ ಅವಕಾಶವಿದೆ. ಅದನ್ನು ಎಂದೂ ತಪ್ಪಿಸಬೇಡಿ. ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮೂಲದೊಂದಿಗೆ ಹೋಲಿಸಿ ನೋಡುವ ಕೆಲಸ ಅದು. ನಾನು 2006ರಲ್ಲಿ ಆ ಗುರುತು ಹಾಕಿದ್ದರೆ ಬರೆಯುವಾಗಲೇ ಆಗಿದ್ದ ದೋಷವೇನಾದರೂ ಇದ್ದರೆ ಅಂದೇ ಗೊತ್ತಾಗುತ್ತಿತ್ತು. ಬರೆಯುವ ವೇಗವನ್ನು ನಡುಮಟ್ಟದಲ್ಲಿಡಿ.

ಡಿಸ್ಕಿನ ಮೇಲೆ ಕಾಗದ ಅಂಟಿಸಬೇಡಿ. ಸಿ.ಡಿ.ಯಲ್ಲಿ ಮಾಹಿತಿಯ ಪದರ ಇರುವುದು ಹೊಳೆಯುವ ಕೆಳಮುಖದ ಹತ್ತಿರವಲ್ಲ, ಹೆಸರು ಬರೆಯುವ ಮೇಲ್ಮೈಯ ಕೆಳಗೇ, ತೆಳುವಾದ ಲೇಪದ ಅಡಿಯಲ್ಲಿ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ, ಅಂಟಿದ ಕಾಗದವನ್ನು ಕಿತ್ತರೆ ಆ ಪದರಕ್ಕೇ ಪೆಟ್ಟು. ಮೃದುವಾದ ಮಾರ್ಕರ್ ಪೆನ್ನಿನಿಂದ ಬರೆಯಿರಿ. ಡಿಸ್ಕನ್ನು ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಬಿಸಿಲು ಮತ್ತು ತೇವದಿಂದ ದೂರವಿಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಹಳೆಯ ಡಿಸ್ಕ್‌ಗಳನ್ನು ಕಾಪಾಡುವ ಕ್ರಮ

ಡ್ರೈವ್ ಮನೆಗೆ ಬಂದ ಮೇಲೆ ಮೊದಲು ಹೊಸದನ್ನು ಬರೆಯಲು ಕೂರಬೇಡಿ. ಮೊದಲು ಹಳೆಯದನ್ನು ಓದಿ. ಡಿಸ್ಕ್ ಕೊಳೆಯಾಗಿದ್ದರೆ ಶುದ್ಧ ನೀರಿನಲ್ಲಿ ಒದ್ದೆ ಮಾಡಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಒಣಗಿಸಿ. ಸುತ್ತಲೂ ತಿರುಗಿಸಿ ಉಜ್ಜಬಾರದು. ಒಂದು ಡ್ರೈವ್ ಓದದಿದ್ದರೆ ಡಿಸ್ಕನ್ನು ಎಸೆಯಬೇಡಿ. ಬೇರೆ ಡ್ರೈವಿನಲ್ಲಿ ಪ್ರಯತ್ನಿಸಿ. ನನಗೆ ಐದು ನಿಮಿಷ ಮರಳಿ ಸಿಕ್ಕಿದ್ದು ಹಾಗೆಯೇ.

ಒಂದು ಮುಖ್ಯ ವಿಷಯವನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಹಾಡಿನ ಸಿ.ಡಿ., ಅಂದರೆ ಟೇಪ್ ಅಂಗಡಿಯಲ್ಲಿ ಸಿಗುತ್ತಿದ್ದಂಥ ಆಡಿಯೋ ಸಿ.ಡಿ. ತೆರೆದಾಗ ಅದರಲ್ಲಿ ಸಿ.ಡಿ.ಎ. ಎಂಬ ಕಡತಗಳು ಕಾಣುತ್ತವೆ. ಅವುಗಳನ್ನು ಎಳೆದು ಕಂಪ್ಯೂಟರಿಗೆ ಹಾಕಿಕೊಂಡರೆ ಕೆಲಸ ಮುಗಿಯಿತೆಂದು ಅನೇಕರು ತಿಳಿದಿದ್ದಾರೆ. ಆ ಕಡತ ಒಂದೊಂದೂ ಕೇವಲ 44 ಬೈಟ್. ಅದರಲ್ಲಿ ಹಾಡಿಲ್ಲ, ಹಾಡು ಎಲ್ಲಿದೆ ಎಂಬ ವಿಳಾಸ ಮಾತ್ರ ಇದೆ. ಅದನ್ನು ನಂಬಿ ಸಿ.ಡಿ. ಎಸೆದರೆ ಖಾಲಿ ಲಕೋಟೆ ಇಟ್ಟುಕೊಂಡು ಪತ್ರವನ್ನು ಹರಿದು ಹಾಕಿದಂತೆ. ಅಂತಹ ಡಿಸ್ಕಿಗೆ ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿರುವ ರಿಪ್ ಎಂಬ ಆಯ್ಕೆಯನ್ನೇ ಬಳಸಬೇಕು. ಡಿ.ವಿ.ಡಿ. ವಿಡಿಯೋ ಆದರೆ ವಿಡಿಯೋ ಟಿ.ಎಸ್. ಎಂಬ ಫೋಲ್ಡರನ್ನು ಪೂರ್ತಿಯಾಗಿ ನಕಲು ಮಾಡಿ. ಹಳೆಯ ಮದುವೆ ವಿ.ಸಿ.ಡಿ. ಆದರೆ ಎಂಪೆಗ್ ಎ.ವಿ. ಎಂಬ ಫೋಲ್ಡರಿನಲ್ಲಿ ಚಿತ್ರ ಇರುತ್ತದೆ. ಎರಡನ್ನೂ ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶದಲ್ಲಿ ನೋಡಬಹುದು. ನಕಲಾದ ಮೇಲೆ ಆರಂಭ, ನಡುಭಾಗ, ಕೊನೆ ಮೂರನ್ನೂ ತೆರೆದು ನೋಡಿ. ಕೊನೆಯನ್ನು ಖಂಡಿತ ನೋಡಿ.

ಕಂಪ್ಯೂಟರಿಗೆ ಬಂದದ್ದಕ್ಕೂ ಒಂದೇ ಪ್ರತಿ ಸಾಲದು. ಹಾರ್ಡ್ ಡಿಸ್ಕ್ ಒಂದು ದಿನ ಕೈಕೊಡುತ್ತದೆ, ಪೆನ್‌ಡ್ರೈವ್ ಕಳೆದುಹೋಗುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ ಎಂಬ ನಿಯಮವನ್ನು ತಿಳಿದವರು ಹೇಳುತ್ತಾರೆ. ಒಂದು ಕಂಪ್ಯೂಟರಿನಲ್ಲಿ, ಒಂದು ಡಿ.ವಿ.ಡಿ.ಯಲ್ಲಿ, ಒಂದು ತಂಗಿಯ ಮನೆಯಲ್ಲಿ ಅಥವಾ ಗಲ್ಫ್‌ನಲ್ಲಿರುವ ಅಣ್ಣನ ಬಳಿ ಇರಲಿ.

ಸಂಸ್ಥೆಗೆ ಒಂದು ಮನವಿ

ಕೊನೆಯದಾಗಿ ಪದಾಧಿಕಾರಿಗಳಲ್ಲಿ ಒಂದು ಮನವಿ. ಪ್ರತಿ ಮನೆಯೂ ಒಂದು ಡ್ರೈವ್ ಕೊಳ್ಳುವ ಬದಲು ನಮ್ಮ ಸಂಸ್ಥೆಯ ಗ್ರಂಥಾಲಯದಲ್ಲಿ ಒಂದು ಒಳ್ಳೆಯ ಡ್ರೈವ್, ಅದಕ್ಕೆ ಜೊತೆಯಾಗಿ ಬೇರೆ ಕಂಪನಿಯ ಇನ್ನೊಂದು ಡ್ರೈವ್ ಇಡೋಣ. ಭಾನುವಾರ ಎರಡು ಗಂಟೆ ಹೊತ್ತು ವಿದ್ಯಾರ್ಥಿಗಳೇ ಸರದಿಯಲ್ಲಿ ಕುಳಿತು, ಸದಸ್ಯರು ತರುವ ಡಿಸ್ಕ್‌ಗಳನ್ನು ನಕಲು ಮಾಡಿಕೊಡಲಿ. ಸಂಸ್ಥೆಯ ಕಪಾಟಿನಲ್ಲಿರುವ ಹಳೆಯ ವಾರ್ಷಿಕೋತ್ಸವಗಳ ಡಿಸ್ಕ್‌ಗಳಿಂದಲೇ ಈ ಕೆಲಸ ಆರಂಭವಾಗಲಿ. ಅವುಗಳಲ್ಲಿ ಮಾತನಾಡಿದ ಹಿರಿಯರಲ್ಲಿ ಕೆಲವರು ಇಂದು ನಮ್ಮೊಂದಿಗಿಲ್ಲ. ಅವರ ಧ್ವನಿಯನ್ನು ಕೇಳದೆ ಬೆಳೆದ ಮಕ್ಕಳು ಈ ಸಭೆಯಲ್ಲಿಯೇ ಇದ್ದಾರೆ. ಇದಕ್ಕೆ ಬೇಕಾಗುವ ಖರ್ಚು ಇಂದಿನ ಈ ಶಾಮಿಯಾನದ ಬಾಡಿಗೆಗಿಂತಲೂ ಕಡಿಮೆ.

ವಿದ್ಯಾರ್ಥಿಗಳೇ, ಇಂದು ರಾತ್ರಿ ಆ ಡ್ರಾಯರ್ ತೆರೆಯಿರಿ. ಏನೇನಿದೆ ಎಂದು ಒಂದು ಪಟ್ಟಿ ಮಾಡಿ. ಯಾವುದರಲ್ಲಿ ಯಾರಿದ್ದಾರೆ ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಉಳಿದದ್ದಕ್ಕೆ ನಾವಿದ್ದೇವೆ. ನಮ್ಮ ಮನೆಯಲ್ಲಿ ಹೋದ ಏಳು ನಿಮಿಷ ನಿಮ್ಮ ಮನೆಯಲ್ಲಿ ಹೋಗದಿರಲಿ.